ಮಸ್ತಿಷ್ಕಶೋಥದ ನಾಮನಿರ್ಣಯ

೧. ಶಬ್ದವೂ ವಿಷಯವೂ

ಮಸ್ತಿಷ್ಕವೆಂದರೆ ಮಿದುಳು, ಶೋಥವೆಂದರೆ ಬಾವು. ಮಿದುಳಿನ ಸ್ವಂತ ಧಾತುವೇ ಬಾತು ಉರಿಗೊಳ್ಳುವ ವ್ಯಾಧಿಗೆ ಮಸ್ತಿಷ್ಕಶೋಥವೆಂಬ ಹೆಸರು ಸಲ್ಲುವುದು. ಪಾಶ್ಚಾತ್ಯ ವೈದ್ಯರು ಇದನ್ನು ಎನ್ಸೆಫಲೈಟಿಸ್ ಎನ್ನುವರು. ಗ್ರೀಕ್ ಭಾಷೆಯಲ್ಲಿ ‘ಎನ್‌ಕೆಫಾಲೋಸ್’ ಎಂಬುದಕ್ಕೆ ತಲೆಯೊಳಗೆ ಇರುವುದೆಂದು ಅರ್ಥ. ‘ಐಟಿಸ್’ ಎಂಬುದು ಉರಿಯೂತವನ್ನು ಸೂಚಿಸುವ ಪ್ರತ್ಯಯ. ನಮ್ಮ ವೃತ್ತಪತ್ರಿಕೆಗಳಲ್ಲಿ ಮಿದುಳುಜ್ವರ, ಮಿದುಳಿನ ಉರಿಯೂತ ಎಂಬ ಹೆಸರುಗಳು ರೂಢವಾಗಿವೆ. ಮಿದುಳನ್ನು ಸುತ್ತಿರುವ ಪೊರೆಗಳ ಉರಿಯೂತವು ಇದಕ್ಕೆ ನೆರೆಯ ವ್ಯಾಧಿ. ಎರಡೂ ಕೂಡಿ ಬರುವುದೂ ಉಂಟು.

ಈ ಲೇಖನದಲ್ಲಿ ವಿಚಾರಿಸತಕ್ಕ ಪ್ರಶ್ನೆಯು ಇಷ್ಟೆ: ಆರೋಗ್ಯವಂತರಾಗಿದ್ದ ತರುಣನೋ ತರುಣಿಯೋ ನಾಲ್ಕಾರು ದಿನಗಳಲ್ಲಿ ಈ ವ್ಯಾಧಿಗೆ ಸಿಕ್ಕಿ, ಅದರ ಕಾರಣವು ಯಾರಿಗೂ ತಿಳಿಯದಿರುವಾಗ, ಹೆಸರಿಲ್ಲದ ಆ ರೋಗವನ್ನು ವೈದ್ಯರೂ ಮನೆಯವರೂ ಹೇಗೆ ಎದುರಿಸಬೇಕು? ನಾವು ವೈದ್ಯರಲ್ಲ, ಸಂಸ್ಕೃತ ಪಾಠಶಾಲೆಗಳಲ್ಲಿ ಶಬ್ದಶಾಸ್ತ್ರವನ್ನು ಓದಿದವರು. ಆದರೆ ಈ ಒಂದು ವ್ಯಾಧಿಯಲ್ಲಿ ಶಬ್ದದ ವಿಚಾರವೇ ಪ್ರಾಣದ ವಿಚಾರವಾಗಿರುವುದು. ಮೊದಲ ದಿನ ಮನೆಯ ಜಗಲಿಯ ಮೇಲೆ ಯಾವ ಹೆಸರನ್ನು ಇಡುವರೋ ಅದರಂತೆ ರೋಗಿಯ ಪ್ರಯಾಣವು ಆಸ್ಪತ್ರೆಯ ಕಡೆಗೋ ಮಂತ್ರವಾದಿಯ ಕಡೆಗೋ ಸಾಗುವುದು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲ್ಲೂಕುಗಳನ್ನು ಕಣ್ಣಮುಂದೆ ಇಟ್ಟುಕೊಂಡು ಈ ವಿಷಯವನ್ನು ನೋಡುವೆವು. ಇವು ೧೯೯೭ ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾದ ಹಾವೇರಿ ಜಿಲ್ಲೆಗೆ ಸೇರಿದವು. ಮಲೆನಾಡಿನ ಸೆರಗು ಬಯಲುಸೀಮೆಯನ್ನು ಮುಟ್ಟುವ ಈ ಪ್ರದೇಶದಲ್ಲಿ ಕಾಡಿನಿಂದ ಬರುವ ಜ್ವರವೂ ಗದ್ದೆಯಿಂದ ಬರುವ ಜ್ವರವೂ ವಿಚಾರಕ್ಕೆ ಬರುವುವು.

೨. ಲಕ್ಷಣಗಳು

ವ್ಯಾಧಿಯ ಮೊದಲ ಲಕ್ಷಣಗಳು ಸಾಮಾನ್ಯವಾದವು: ಜ್ವರ, ತಲೆನೋವು, ವಾಂತಿ, ಮೈಕೈನೋವು. ಇಷ್ಟರಿಂದ ಯಾರೂ ಬೆದರುವುದಿಲ್ಲ. ಎರಡು ಮೂರು ದಿನಗಳಲ್ಲಿ ಮಾತು ತಪ್ಪುವುದು, ಹೇಳಿದುದನ್ನೇ ಹೇಳುವುದು, ಗುರುತಿನವರ ಗುರುತು ಸಿಕ್ಕದಿರುವುದು, ಹಗಲು ಯಾವುದು ಇರುಳು ಯಾವುದು ಎಂಬ ಅರಿವು ಕೆಡುವುದು. ಕೆಲವರು ಮಂಪರಿಗೆ ಬೀಳುವರು. ಕೆಲವರು ನಿದ್ರೆಯೇ ಇಲ್ಲದೆ ಕೂಗಾಡುವರು. ಸೆಳವು (ಮೂರ್ಛೆರೋಗದಂತಹ ಕೈಕಾಲುಗಳ ಎಳೆತ) ಬರಬಹುದು. ಒಂದು ಪಕ್ಕದ ಕೈಕಾಲು ಸೋಲಬಹುದು. ಭಾರತದಲ್ಲಿ ಬಳಕೆಯಲ್ಲಿರುವ ಸರ್ವೇಕ್ಷಣದ ಲಕ್ಷಣವಾಕ್ಯವು ಬಹು ಸರಳವಾದುದು: ಯಾವ ವಯಸ್ಸಿನವರಲ್ಲಾಗಲಿ, ವರ್ಷದ ಯಾವ ಕಾಲದಲ್ಲಾಗಲಿ, ಜ್ವರವು ಹಠಾತ್ತಾಗಿ ಬಂದು ಅದರೊಡನೆ ಪ್ರಜ್ಞೆಯಲ್ಲಿ ವ್ಯತ್ಯಾಸವೋ ಹೊಸದಾಗಿ ಸೆಳವೋ ಕಂಡುಬಂದರೆ ಅದನ್ನು ತೀವ್ರ ಮಸ್ತಿಷ್ಕಶೋಥ ಲಕ್ಷಣಸಮೂಹವೆಂದು ಎಣಿಸತಕ್ಕದ್ದು. ಇದು ಒಂದೇ ರೋಗದ ಹೆಸರಲ್ಲ, ಹಲವು ರೋಗಗಳಿಗೆ ಹೊರಗಿನಿಂದ ಕಟ್ಟಿದ ಬೇಲಿ ಎಂಬುದನ್ನು ವಾಚಕರು ಗಮನಿಸಬೇಕು.

ತರುಣರಲ್ಲಿ, ವಿಶೇಷವಾಗಿ ತರುಣಿಯರಲ್ಲಿ, ಈ ವ್ಯಾಧಿಯು ಕೆಲವೊಮ್ಮೆ ಉನ್ಮಾದದ ವೇಷದಲ್ಲಿಯೇ ಬರುವುದು. ಅಲ್ಪಜ್ವರವು ಬಂದುಹೋದ ಮೇಲೆ ಕಾರಣವಿಲ್ಲದ ಭಯ, ಯಾರೋ ಕರೆದಂತೆ ಕೇಳುವುದು, ನಗು ಅಳು ಒಂದರ ಮೇಲೊಂದು ಬರುವುದು, ಅನಂತರ ಬಾಯಿ ನಾಲಗೆಗಳು ತಾವಾಗಿಯೇ ಆಡುತ್ತಿರುವುದು, ಕಡೆಗೆ ಕಲ್ಲಿನಂತೆ ನಿಶ್ಚಲವಾಗಿ ಬಿದ್ದಿರುವುದು, ಈ ಕ್ರಮದಲ್ಲಿ ಲಕ್ಷಣಗಳು ಏರುವುವು. ಇಂತಹವಳನ್ನು ನೋಡಿದ ನೆರೆಹೊರೆಯವರು ಗಾಳಿ ಸೋಂಕಿತೆಂದೋ, ಯಾರೋ ಮಾಟ ಮಾಡಿಸಿದರೆಂದೋ, ಬುದ್ಧಿ ಕೆಟ್ಟಿತೆಂದೋ ಹೇಳುವುದು ಸಹಜವೇ ಆಗಿದೆ. ಆದರೆ ಆ ಮಾತಿನಲ್ಲಿ ಕಳೆಯುವ ಒಂದು ವಾರದ ಬೆಲೆಯು ಬಹು ದೊಡ್ಡದು.

೩. ಹೆಸರು ಪಡೆದ ಎರಡು ಜ್ವರಗಳು

ಹೆಸರಿಲ್ಲದ ರೋಗವು ಹೆಸರನ್ನು ಪಡೆಯುವುದು ಹೇಗೆ ಎಂಬುದಕ್ಕೆ ಈ ತಾಲ್ಲೂಕುಗಳ ಮಗ್ಗುಲಲ್ಲಿಯೇ ಜಗತ್ಪ್ರಸಿದ್ಧವಾದ ಉದಾಹರಣೆಯಿದೆ. ವರದಾ ನದಿಯು ಸಾಗರದ ಬಳಿ ಹುಟ್ಟಿ, ಸೊರಬದ ಸೀಮೆಯನ್ನೂ ಬನವಾಸಿಯನ್ನೂ ಹಾದು, ಹಾನಗಲ್ಲು ಸೀಮೆಗೆ ಬರುವುದಷ್ಟೆ. ಆ ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಎಂಬ ಅರಣ್ಯವಿದೆ. ೧೯೫೭ ರಲ್ಲಿ ಅಲ್ಲಿ ಮುಸುವಗಳೂ ಕೆಂಪುಮೋರೆಯ ಮಂಗಗಳೂ ಸತ್ತುಬೀಳುತ್ತಿದ್ದುವು. ಅದೇ ಕಾಲದಲ್ಲಿ ಸುತ್ತಣ ಹಳ್ಳಿಗಳ ಜನರು ತೀವ್ರಜ್ವರದಿಂದ ನರಳಿದರು. ಪುಣೆಯಲ್ಲಿ ೧೯೫೨ ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದಿಂದ ಟೆಲ್ಫರ್ಡ್ ವರ್ಕ್ ಮೊದಲಾದ ವಿದ್ವಾಂಸರು ಬಂದರು. ಮಂಗಗಳು ಸಾಯುವುದನ್ನು ಕಂಡು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳ ಹಳದಿಜ್ವರವು ಭಾರತಕ್ಕೆ ಕಾಲಿಟ್ಟಿತೋ ಎಂಬ ಶಂಕೆಯು ಮೊದಲು ಹುಟ್ಟಿತು. ಪರೀಕ್ಷಿಸಿ ನೋಡಲು, ಸಿಕ್ಕಿದ ವೈರಸ್ಸು ಹಳದಿಜ್ವರದ್ದಲ್ಲ. ರಷ್ಯಾ ದೇಶದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಸ್ತಿಷ್ಕಶೋಥದ ವೈರಸ್ಸಿಗೆ ಹತ್ತಿರದ ಬಂಧುವಾದ ಹೊಸದೊಂದು ವೈರಸ್ಸು. ಅದನ್ನು ಹೊತ್ತು ತಿರುಗುವುದು ಕಾಡಿನ ಉಣ್ಣೆ (ಮಲೆನಾಡಿನವರ ಉಣುಗು). ಹೀಗೆ ಸೊರಬದ ಒಂದು ಕಾಡಿನ ಹೆಸರು ಲೋಕದ ವೈದ್ಯಗ್ರಂಥಗಳನ್ನು ಸೇರಿತು. ಜನರು ಮಾತ್ರ ಅದನ್ನು ಮಂಗನಕಾಯಿಲೆ ಎಂದೇ ಕರೆಯುತ್ತ ಬಂದಿದ್ದಾರೆ.

ಈ ಕಾಯಿಲೆಯು ಎರಡು ಹಂತದಲ್ಲಿ ನಡೆಯುವುದು. ಮೊದಲು ಒಂದೆರಡು ವಾರ ಜ್ವರ, ಮೈಕೈನೋವು, ಕೆಲವರಿಗೆ ರಕ್ತಸ್ರಾವ. ಬಹುಮಂದಿ ಇಷ್ಟಕ್ಕೆ ಗುಣಹೊಂದುವರು. ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ನಡುವೆ ಕೆಲವು ದಿನ ಜ್ವರ ಬಿಟ್ಟು ಪುನಃ ಏರುವುದು; ಆಗ ತೀವ್ರವಾದ ತಲೆನೋವು, ನಡುಕ, ಕಣ್ಣು ಮಂಜಾಗುವುದು, ಚಿತ್ತವಿಕಾರ ಮುಂತಾದ ಮಸ್ತಿಷ್ಕದ ಲಕ್ಷಣಗಳು ತೋರುವುವು. ನೂರಕ್ಕೆ ಮೂವರಿಂದ ಐವರು ಸಾಯುವರೆಂದು ಲೆಕ್ಕ. ವೈರಸ್ಸನ್ನೇ ಕೊಲ್ಲುವ ಔಷಧವು ಇದಕ್ಕೆ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯು ಸಾಕಾದಷ್ಟು ರಕ್ಷಣೆ ನೀಡದೆ ನಿಂತುಹೋಯಿತು. ಆದರೂ ಹೆಸರಿನಿಂದ ಆದ ಉಪಕಾರವು ಸಣ್ಣದಲ್ಲ. ಉಣ್ಣೆಯೇ ಕಾರಣವೆಂದು ತಿಳಿದುದರಿಂದ, ಚಳಿಗಾಲದಿಂದ ಬೇಸಗೆಯ ಕೊನೆಯವರೆಗೆ ಕಾಡಿಗೆ ಹೋಗುವವರು ಮೈಗೆ ಲೇಪವನ್ನು ಹಚ್ಚಿಕೊಳ್ಳುವುದು, ಬಂದ ಮೇಲೆ ಮೈಯನ್ನೂ ಬಟ್ಟೆಯನ್ನೂ ನೋಡಿಕೊಂಡು ಬಿಸಿನೀರಿನಲ್ಲಿ ತೊಳೆಯುವುದು, ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದು ಎಂಬ ಕ್ರಮಗಳು ಏರ್ಪಟ್ಟುವು.

ಎರಡನೆಯದು ಗದ್ದೆಯ ಜ್ವರ; ಇದಕ್ಕೆ ಜಪಾನೀ ಮಸ್ತಿಷ್ಕಶೋಥವೆಂದು ಹೆಸರು. ಇದರ ವೈರಸ್ಸು ಬೆಳ್ಳಕ್ಕಿ, ಬಕ ಮೊದಲಾದ ನೀರುಹಕ್ಕಿಗಳಲ್ಲಿ ನೆಲಸಿ, ಹಂದಿಗಳಲ್ಲಿ ವೃದ್ಧಿಯಾಗಿ, ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳ ಮೂಲಕ ಮನುಷ್ಯನನ್ನು ಮುಟ್ಟುವುದು. ಆ ಸೊಳ್ಳೆಗಳು ನೀರು ನಿಂತ ಭತ್ತದ ಗದ್ದೆಗಳಲ್ಲಿ ಮರಿಮಾಡುವುವು. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದುದು ೧೯೫೫ ರಲ್ಲಿ ವೆಲ್ಲೂರಿನ ಪ್ರಾಂತದಲ್ಲಿ. ಕರ್ನಾಟಕದಲ್ಲಿ ೧೯೭೦ ರ ದಶಕದ ಕೊನೆಯಲ್ಲಿ ಕೋಲಾರದ ಕಡೆ ಇದು ಪ್ರಬಲವಾಗಿ ತೋರಿತು. ಸೋಂಕಿದವರಲ್ಲಿ ಸುಮಾರು ೨೫೦ ಮಂದಿಗೆ ಒಬ್ಬರು ಮಾತ್ರ ತೀವ್ರವಾಗಿ ಹಾಸಿಗೆ ಹಿಡಿಯುವರು. ಆದರೆ ಹಾಗೆ ಮಿದುಳು ಬಾತವರಲ್ಲಿ ನೂರಕ್ಕೆ ಮೂವತ್ತರವರೆಗೆ ಸಾವು ಸಂಭವಿಸುವುದು. ಮೂವತ್ತರಿಂದ ಐವತ್ತು ಮಂದಿಗೆ ಶಾಶ್ವತವಾದ ಊನವು ಉಳಿಯುವುದು. ಮಕ್ಕಳಿಗೆ ಇದರ ಭಯ ಹೆಚ್ಚು. ೨೦೦೬ ರಲ್ಲಿ ಭಾರತ ಸರ್ಕಾರವು ಲಸಿಕೆಯನ್ನು ಆರಂಭಿಸಿದಾಗ ಕರ್ನಾಟಕದಿಂದ ಬಳ್ಳಾರಿ ಜಿಲ್ಲೆಯನ್ನು ಆರಿಸಲಾಯಿತು. ೨೦೨೨ ರ ಡಿಸೆಂಬರಿನಲ್ಲಿ ಹಾವೇರಿ ಜಿಲ್ಲೆಯೂ ಸೇರಿ ಹತ್ತು ಜಿಲ್ಲೆಗಳಲ್ಲಿ ೧ ರಿಂದ ೧೫ ವರ್ಷದ ಮಕ್ಕಳಿಗೆ ಲಸಿಕೆಯ ಅಭಿಯಾನವು ನಡೆಯಿತು. ಕೆರೆಗಳೂ ಭತ್ತದ ಗದ್ದೆಗಳೂ ತುಂಬಿದ ಹಾನಗಲ್ಲಿನಂತಹ ತಾಲ್ಲೂಕಿಗೆ ಇದರ ಪ್ರಯೋಜನವನ್ನು ಬಿಡಿಸಿ ಹೇಳಬೇಕಾಗಿಲ್ಲ.

೪. ಹೆಸರು ಸಿಕ್ಕದ ಉಳಿದವು

ಕಾಡನ್ನೂ ಹೊಗದ, ಗದ್ದೆಗೂ ಇಳಿಯದ ತರುಣನಿಗೂ ಮಸ್ತಿಷ್ಕಶೋಥವು ಬರುವುದು. ಎಲ್ಲ ದೇಶಗಳಲ್ಲಿಯೂ ಇರುವ ಹರ್ಪಿಸ್ ಎಂಬ ವೈರಸ್ಸು ತುಟಿಯ ಮೇಲೆ ಗುಳ್ಳೆ ಎಬ್ಬಿಸುವುದು ಸಾಮಾನ್ಯ. ಅದೇ ಅಪರೂಪಕ್ಕೆ ಮಿದುಳನ್ನು ಹೊಕ್ಕು ಕಣತೆಯ ಭಾಗವನ್ನು ಸುಡುವುದು. ಕ್ಷಯದ ಕ್ರಿಮಿ, ಹುಚ್ಚುನಾಯಿಯ ಕಡಿತ, ಪೊದೆಗಳಲ್ಲಿರುವ ಸಣ್ಣ ನುಸಿಗಳ ಕಡಿತದಿಂದ ಬರುವ ಸ್ಕ್ರಬ್ ಟೈಫಸ್ ಜ್ವರ, ಇವು ಸಹ ಮಿದುಳನ್ನು ಕೆಡಿಸಬಲ್ಲುವು. ಇವೆಲ್ಲವನ್ನೂ ಹುಡುಕಿದ ಮೇಲೆಯೂ ಕಾರಣ ಸಿಕ್ಕದೆ ಹೋಗುವುದು ಅಪರೂಪವಲ್ಲ. ಇಂಗ್ಲೆಂಡಿನಲ್ಲಿ ೨೦೩ ರೋಗಿಗಳನ್ನು ಎಲ್ಲ ವಿಧವಾದ ಪರೀಕ್ಷೆಗಳಿಂದ ಶೋಧಿಸಿ ೨೦೧೦ ರಲ್ಲಿ ಪ್ರಕಟಿಸಿದ ವರದಿಯಂತೆ, ಸೋಂಕು ಕಾರಣವೆಂದು ಸಿದ್ಧವಾದವರು ೮೬ ಮಂದಿ. ದೇಹದ ಸ್ವಂತ ರಕ್ಷಣಾಶಕ್ತಿಯೇ ಮಿದುಳಿನ ಮೇಲೆ ತಿರುಗಿಬಿದ್ದವರು ೪೨ ಮಂದಿ. ಕಾರಣವೇ ತಿಳಿಯದವರು ೭೫ ಮಂದಿ, ಎಂದರೆ ನೂರಕ್ಕೆ ಮೂವತ್ತೇಳು. ಸಕಲ ಸಾಧನಗಳುಳ್ಳ ದೇಶದ ಗತಿಯೇ ಹೀಗಿರಲು, ಕಾರಣ ತಿಳಿಯಲಿಲ್ಲವೆಂದು ನಮ್ಮ ವೈದ್ಯರು ಹೇಳಿದರೆ ಅದನ್ನು ಅವರ ಅಜ್ಞಾನವೆಂದು ತಿಳಿಯಬಾರದು.

ಈ ಪೈಕಿ ಎರಡನೆಯ ಗುಂಪು ಬಹುಕಾಲ ಮೂರನೆಯದರಲ್ಲಿಯೇ ಅಡಗಿತ್ತು. ೨೦೦೭ ರಲ್ಲಿ ಯೋಸೆಪ್ ದಾಲ್ಮೌ ಮತ್ತು ಅವರ ಸಂಗಡಿಗರು ಹನ್ನೆರಡು ಮಂದಿ ಸ್ತ್ರೀಯರ ವೃತ್ತಾಂತವನ್ನು ಪ್ರಕಟಿಸಿದರು. ಅವರೆಲ್ಲರಿಗೂ ಟೆರಟೋಮ ಎಂಬ ಗಡ್ಡೆಯಿದ್ದಿತು. ಬಹುಮಟ್ಟಿಗೆ ಅದು ಅಂಡಾಶಯದಲ್ಲಿತ್ತು. ಅಂತಹ ಗಡ್ಡೆಯಲ್ಲಿ ನರಧಾತುವೂ ಬೆಳೆಯುವುದುಂಟು. ಅದನ್ನು ಪರಕೀಯವೆಂದು ಎಣಿಸಿದ ದೇಹವು ಅದರ ವಿರುದ್ಧವಾಗಿ ಪ್ರತಿವಸ್ತುವನ್ನು ಸೃಷ್ಟಿಸುವುದು. ಆ ಪ್ರತಿವಸ್ತುವೇ ಮಿದುಳಿನ ನರಕೋಶಗಳ ಮೇಲಿರುವ ಎನ್‌ಎಂಡಿಎ ಎಂಬ ಗ್ರಾಹಕವನ್ನು ಹಿಡಿದು ಸ್ಮೃತಿ, ಬುದ್ಧಿ, ಉಸಿರಾಟಗಳನ್ನು ಕೆಡಿಸುವುದು. ಗಡ್ಡೆಯಿಲ್ಲದವರಲ್ಲಿಯೂ, ಪುರುಷರಲ್ಲಿಯೂ, ಮಕ್ಕಳಲ್ಲಿಯೂ ಈ ರೋಗವುಂಟೆಂದು ಅನಂತರ ತಿಳಿಯಿತು. ಹರ್ಪಿಸಿನಿಂದ ಚೇತರಿಸಿಕೊಂಡ ಕೆಲವರಿಗೆ ಕೆಲವು ವಾರಗಳ ಮೇಲೆ ಇದೇ ರೋಗವು ಬರುವುದೂ ಗೊತ್ತಾಯಿತು. ಮೇಲೆ ಎರಡನೆಯ ಪ್ರಕರಣದಲ್ಲಿ ಹೇಳಿದ ತರುಣಿಯ ಲಕ್ಷಣಗಳು ಈ ರೋಗದವೇ. ೨೦೦೭ ಕ್ಕೆ ಹಿಂದೆಯೂ ಇಂತಹ ರೋಗಿಗಳು ಇದ್ದಿರಲೇಬೇಕು. ಅವರಿಗೆ ಸಲ್ಲತಕ್ಕ ಹೆಸರು ಮಾತ್ರ ಇರಲಿಲ್ಲ.

ಇನ್ನು ಕೆಲವು ಇಂದಿಗೂ ನಿಗೂಢ. ೧೯೧೭ ರಲ್ಲಿ ವಿಯೆನ್ನಾ ನಗರದ ಫಾನ್ ಎಕೊನೊಮೊ ಎಂಬ ವೈದ್ಯನು ವರ್ಣಿಸಿದ ನಿದ್ರಾಲು ಮಸ್ತಿಷ್ಕಶೋಥವು ಸುಮಾರು ಹತ್ತು ವರ್ಷ ಜಗತ್ತನ್ನು ಕಾಡಿ ಮಾಯವಾಯಿತು. ಅದರ ಕಾರಣವು ಒಂದು ಶತಮಾನ ಕಳೆದರೂ ನಿರ್ಣಯವಾಗಿಲ್ಲ.

೫. ಚರಕನ ಮಾತು

ಇಲ್ಲಿ ನಮ್ಮ ಪ್ರಾಚೀನರ ಒಂದು ವಿಚಾರವನ್ನು ನೆನೆಯುವುದು ಉಚಿತವಾಗಿದೆ. ಚರಕಸಂಹಿತೆಯ ಸೂತ್ರಸ್ಥಾನದ ಹದಿನೆಂಟನೆಯ ಅಧ್ಯಾಯಕ್ಕೆ ತ್ರಿಶೋಥೀಯವೆಂದು ಹೆಸರು. ಅಂದರೆ ಅದು ಶೋಥವನ್ನು ಕುರಿತ ಅಧ್ಯಾಯವೇ. ಅದರಲ್ಲಿ ಶೋಥಗಳನ್ನು ಹೊರಗಿನಿಂದ ಬಂದ ಆಗಂತು, ಒಳಗಿನಿಂದ ಹುಟ್ಟಿದ ನಿಜ ಎಂದು ವಿಭಾಗಿಸಿದೆ. ಮುಂದುವರಿದು ಚರಕನು ಹೇಳುವುದೇನೆಂದರೆ, ರೋಗದ ಹೆಸರು ಗೊತ್ತಾಗದ ವೈದ್ಯನು ಅದಕ್ಕಾಗಿ ನಾಚಬೇಕಾದುದಿಲ್ಲ, ಏಕೆಂದರೆ ಎಲ್ಲ ವಿಕಾರಗಳಿಗೂ ಸ್ಥಿರವಾದ ಹೆಸರುಗಳಿರುವುದಿಲ್ಲ; ವಿಕಾರದ ಪ್ರಕೃತಿ, ಅದು ನೆಲಸಿದ ಅಧಿಷ್ಠಾನ, ಅದರ ಸಮುತ್ಥಾನ ಈ ಮೂರನ್ನು ಅರಿತು ಕರ್ಮಕ್ಕೆ ತೊಡಗಬೇಕು. ವೈರಸ್ಸನ್ನೂ ಪ್ರತಿವಸ್ತುವನ್ನೂ ಪ್ರಾಚೀನರು ಬಲ್ಲವರಾಗಿದ್ದರೆಂದು ಇದರಿಂದ ಸಾಧಿಸಲು ನಾವು ಹೊರಟಿಲ್ಲ. ಅದು ಅವರಿಗೂ ಅನ್ಯಾಯ, ಇಂದಿನವರಿಗೂ ಅನ್ಯಾಯ. ನಾವು ಗ್ರಹಿಸತಕ್ಕದ್ದು ಆ ವಿಚಾರಕ್ರಮವನ್ನು ಮಾತ್ರ.

ಇಂದಿನ ವೈದ್ಯರು ನಡೆಯುವ ಕ್ರಮವೂ ಇದೇ ಆಗಿದೆ. ಬೆನ್ನೆಲುಬಿನ ಸಂದಿಯಿಂದ ತೆಗೆದ ದ್ರವವು ಉರಿಯೂತದ ಪ್ರಕೃತಿಯನ್ನು ತಿಳಿಸುವುದು. ಕಾಂತಶಕ್ತಿಯಿಂದ ತೆಗೆಯುವ ಚಿತ್ರವು (ಎಂಆರ್‌ಐ) ಅಧಿಷ್ಠಾನವನ್ನು ತೋರುವುದು: ಕಣತೆಯ ಭಾಗವು ಬಾತಿದ್ದರೆ ಹರ್ಪಿಸಿನ ಶಂಕೆ, ಮಿದುಳಿನ ಗರ್ಭದಲ್ಲಿರುವ ಥಾಲಮಸ್ ಬಾತಿದ್ದರೆ ಜಪಾನೀ ಜ್ವರದ ಶಂಕೆ. ರೋಗಿಯು ಕಾಡಿಗೆ ಹೋಗಿದ್ದನೇ, ನಾಯಿ ಕಚ್ಚಿತ್ತೇ, ಮನೆಯಲ್ಲಿ ಕ್ಷಯವಿದೆಯೇ ಎಂಬ ಪ್ರಶ್ನೆಗಳು ಸಮುತ್ಥಾನಕ್ಕೆ ಸಂಬಂಧಪಟ್ಟವು. ಬೆನ್ನಿನ ನೀರು ತೆಗೆದರೆ ಕಾಲು ಸೋಲುವುದೆಂಬ ಭಯದಿಂದ ಕೆಲವರು ಈ ಪರೀಕ್ಷೆಯನ್ನು ಬೇಡವೆನ್ನುವರು. ವಯಸ್ಕರಲ್ಲಿ ಬೆನ್ನುಹುರಿಯು ಸೊಂಟದ ಮೊದಲನೆಯ ಅಥವಾ ಎರಡನೆಯ ಮಣಿಯ ಬಳಿ ಮುಗಿಯುವುದು. ಸೂಜಿಯನ್ನು ಚುಚ್ಚುವುದು ಅದಕ್ಕೂ ಕೆಳಗೆ, ಮೂರು ನಾಲ್ಕನೆಯ ಮಣಿಗಳ ಅಥವಾ ನಾಲ್ಕು ಐದನೆಯವುಗಳ ನಡುವೆ. ಆದುದರಿಂದ ಸೂಜಿಯು ಹುರಿಯನ್ನು ಮುಟ್ಟುವುದೆಂಬ ಭಯಕ್ಕೆ ಆಧಾರವಿಲ್ಲ.

ಅತಿ ಮುಖ್ಯವಾದುದು ಮುಂದಿನ ಮಾತು. ಪರೀಕ್ಷೆಗಳ ಉತ್ತರ ಬರುವವರೆಗೆ ವೈದ್ಯರು ಕೈಕಟ್ಟಿ ಕೂಡುವುದಿಲ್ಲ. ಹರ್ಪಿಸಿನ ಮಸ್ತಿಷ್ಕಶೋಥದಲ್ಲಿ ಔಷಧವಿಲ್ಲದಿದ್ದರೆ ನೂರಕ್ಕೆ ಸುಮಾರು ಎಪ್ಪತ್ತು ಮಂದಿ ಸಾಯುವರು. ೧೯೮೦ ರ ದಶಕದ ಮಧ್ಯದಲ್ಲಿ ಸ್ವೀಡನ್ನಿನಲ್ಲಿಯೂ ಅಮೆರಿಕದಲ್ಲಿಯೂ ನಡೆದ ಪ್ರಯೋಗಗಳಿಂದ, ಅಸೈಕ್ಲೊವಿರ್ ಎಂಬ ಔಷಧವು ಈ ಸಂಖ್ಯೆಯನ್ನು ಮೂವತ್ತಕ್ಕಿಂತ ಕೆಳಗೆ ಇಳಿಸುವುದೆಂದು ಸಿದ್ಧವಾಯಿತು. ಔಷಧವು ತಡವಾದಷ್ಟೂ ಫಲವು ಕುಂದುವುದು. ಆದಕಾರಣ ಹರ್ಪಿಸ್ ಹೌದೋ ಅಲ್ಲವೋ ತಿಳಿಯುವ ಮುನ್ನವೇ ಅದನ್ನು ನರದ ಮೂಲಕ ಆರಂಭಿಸಿ, ಅಲ್ಲವೆಂದು ತಿಳಿದ ಮೇಲೆ ನಿಲ್ಲಿಸುವರು. ಹಾಗೆಯೇ ಸೋಂಕಿನ ಕುರುಹಿಲ್ಲದೆ ದೇಹವೇ ಮಿದುಳನ್ನು ಹೊಡೆಯುತ್ತಿರುವ ಲಕ್ಷಣಗಳು ಕಂಡರೆ, ಪ್ರತಿವಸ್ತುವಿನ ವರದಿಗಾಗಿ ಕಾಯದೆ ಸ್ಟಿರಾಯ್ಡ್, ಇಮ್ಯುನೊಗ್ಲಾಬುಲಿನ್, ರಕ್ತರಸ ಬದಲಾವಣೆ ಈ ಚಿಕಿತ್ಸೆಗಳನ್ನು ಕೈಕೊಳ್ಳಬಹುದೆಂದು ೨೦೧೬ ರಲ್ಲಿ ಅನೇಕ ದೇಶಗಳ ತಜ್ಞರು ಕೂಡಿ ನಿಯಮವನ್ನು ಗೊತ್ತುಪಡಿಸಿದರು. ಹೆಸರಿಗೆ ಮುಂಚೆ ಕರ್ಮ ಎಂಬ ಚರಕನ ನ್ಯಾಯವು ಇಲ್ಲಿ ಪ್ರತ್ಯಕ್ಷವಾಗಿರುವುದು.

ಗ್ರಹಬಾಧೆಯ ವಿಷಯದಲ್ಲಿಯೂ ಚರಕನನ್ನು ಕೇಳಬೇಕು. ಭೂತೋನ್ಮಾದವನ್ನು ಅವನು ಒಂದು ಭೇದವಾಗಿ ಎಣಿಸಿದ್ದಾನೆ, ನಿಜ. ಆದರೆ ನಿದಾನಸ್ಥಾನದ ಉನ್ಮಾದ ಪ್ರಕರಣದ ಕೊನೆಯಲ್ಲಿ, ತನ್ನಿಂದಲೇ ಕ್ಲೇಶಪಡದವನನ್ನು ದೇವತೆಗಳಾಗಲಿ, ಗಂಧರ್ವರಾಗಲಿ, ಪಿಶಾಚ ರಾಕ್ಷಸರಾಗಲಿ ಕ್ಲೇಶಪಡಿಸುವುದಿಲ್ಲ, ಅವರ ಮೇಲೆ ದೋಷವನ್ನು ಹೊರಿಸಬಾರದು ಎಂದು ತೀರ್ಮಾನಿಸಿದ್ದಾನೆ. ಈ ಮಾತಿನ ಮೊದಲರ್ಧವು ಇಂದಿಗೂ ಗ್ರಾಹ್ಯ. ರೋಗಿಯ ಸ್ವಂತ ತಪ್ಪೇ ಕಾರಣವೆಂಬ ಉತ್ತರಾರ್ಧವು ಮಾತ್ರ ಈ ವ್ಯಾಧಿಗೆ ಹೊಂದುವುದಿಲ್ಲ. ಸೊಳ್ಳೆ ಕಚ್ಚಿದ ಹುಡುಗನದೇನು ತಪ್ಪು? ಪ್ರತಿವಸ್ತುವು ಹುಟ್ಟಿದ ಹುಡುಗಿಯದೇನು ಅಪರಾಧ?

೬. ಗುಣವಾಗುವ ದಾರಿ

ಆಸ್ಪತ್ರೆಯಿಂದ ಮನೆಗೆ ಬಂದುದೇ ರೋಗದ ಅಂತ್ಯವಲ್ಲ. ಎನ್‌ಎಂಡಿಎ ರೋಗದಲ್ಲಿ ಲಕ್ಷಣಗಳು ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೋಗುವುದುಂಟು: ಕಡೆಯಲ್ಲಿ ಕೆಟ್ಟ ಉಸಿರಾಟವು ಮೊದಲು ಸರಿಯಾಗಿ, ಅನಂತರ ಎಚ್ಚರ, ಅನಂತರ ಮಾತು, ಎಲ್ಲಕ್ಕೂ ಕೊನೆಗೆ ವಿವೇಕ ಮತ್ತು ನಡತೆ ಮರಳುವುವು. ನಡುವೆ ಪುನಃ ಉನ್ಮಾದದಂತಹ ಅವಸ್ಥೆಯೊಂದನ್ನು ದಾಟಬೇಕಾಗುವುದರಿಂದ, ಗುಣವಾಗುತ್ತಿರುವುದನ್ನೇ ಮನೆಯವರು ಕೆಡುತ್ತಿದೆಯೆಂದು ಭ್ರಮಿಸುವರು. ೨೦೧೩ ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯಲ್ಲಿ, ಎರಡು ವರ್ಷಗಳ ತರುವಾಯ ನೋಡಲು ದೊರೆತ ೨೫೨ ಮಂದಿಯಲ್ಲಿ ೨೦೩ ಮಂದಿ ಒಳ್ಳೆಯ ಸ್ಥಿತಿಯಲ್ಲಿದ್ದರು. ಹದಿನೆಂಟು ತಿಂಗಳವರೆಗೂ ಸುಧಾರಣೆಯು ನಡೆದೇ ಇತ್ತು. ಕೆಲವರಿಗೆ ರೋಗವು ಮರುಕಳಿಸಿದುದೂ ಉಂಟು. ಹರ್ಪಿಸ್ ಮತ್ತು ಜಪಾನೀ ಜ್ವರಗಳಲ್ಲಿ ಇಷ್ಟು ಭರವಸೆಯನ್ನು ಕೊಡುವಂತಿಲ್ಲ; ನೆನಪಿನ ಶಕ್ತಿಯು ಅನೇಕರಲ್ಲಿ ಪೂರ್ತಿಯಾಗಿ ಮರಳುವುದಿಲ್ಲ. ಕಾರಣ ತಿಳಿಯದವರ ವಿಷಯದಲ್ಲಿ ಮುಂದಿನದನ್ನು ನಿಶ್ಚಯಿಸಿ ಹೇಳುವುದು ಯಾರಿಗೂ ಶಕ್ಯವಲ್ಲ. ಸಂಪೂರ್ಣ ಗುಣವೆಂದು ವಚನ ಕೊಡುವವನನ್ನೂ, ಇನ್ನು ಆಸೆಯಿಲ್ಲವೆಂದು ಮೊದಲ ತಿಂಗಳಲ್ಲಿಯೇ ಹೇಳುವವನನ್ನೂ ನಂಬಬಾರದು.

ಚೇತರಿಸಿಕೊಂಡವರಲ್ಲಿ ಉಳಿಯುವ ಊನಗಳು ಹೊರಗಣ್ಣಿಗೆ ಕಾಣವು. ಬೇಗ ದಣಿವು, ಹೆಸರುಗಳು ನೆನಪಿಗೆ ಬಾರದಿರುವುದು, ಸಿಡುಕು, ಸಂತೆಯ ಗದ್ದಲವನ್ನು ತಾಳಲಾರದಿರುವುದು, ಆಗಾಗ ಸೆಳವು, ಇವು ಸಾಮಾನ್ಯ. ರೋಗದ ದಿನಗಳ ನೆನಪೇ ಅನೇಕರಿಗೆ ಇರುವುದಿಲ್ಲ. ಮೈ ನೆಟ್ಟಗಿದ್ದುದರಿಂದ ಊರವರು ಇವನನ್ನು ಸೋಮಾರಿಯೆನ್ನುವರು. ಮದುವೆಯ ಮಾತು ಬಂದಾಗ ಬುದ್ಧಿ ಕೆಟ್ಟಿದ್ದವಳೆನ್ನುವರು. ಈ ಎರಡು ಹೆಸರುಗಳೂ ಸುಳ್ಳು. ಕಾಲು ಮುರಿದವನಿಗೆ ಕೊಡುವ ಅವಕಾಶವನ್ನು ಮಿದುಳು ಬಾತವನಿಗೂ ಕೊಡಬೇಕು: ಓದನ್ನು ಒಂದು ವರ್ಷ ನಿಲ್ಲಿಸಿ ಪುನಃ ಆರಂಭಿಸುವುದು, ಕೆಲಸವನ್ನು ಅರ್ಧ ಹೊತ್ತಿನಿಂದ ಹೆಚ್ಚಿಸುತ್ತ ಹೋಗುವುದು, ನಿದ್ರೆಗೆ ಭಂಗ ತಾರದಿರುವುದು, ಸೆಳವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ಬಿಡದಿರುವುದು.

೭. ಉಪಸಂಹಾರ

ಈ ನಾಲ್ಕು ತಾಲ್ಲೂಕುಗಳಿಂದ ಹುಬ್ಬಳ್ಳಿಯು ಬಹು ದೂರದ್ದಲ್ಲ. ಶಿಗ್ಗಾವಿಯಂತೂ ಹೆದ್ದಾರಿಯ ಮೇಲೆಯೇ ಇದೆ. ಅಲ್ಲಿ ೧೯೫೭ ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ; ಕಠಿನವಾದ ರೋಗಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಿದೆ; ೧೦೮ ಎಂಬ ಸಂಖ್ಯೆಗೆ ತಿಳಿಸಿದರೆ ವಾಹನವು ಬರುವುದು. ಜ್ವರದೊಡನೆ ಮಾತೋ ನಡತೆಯೋ ಪ್ರಜ್ಞೆಯೋ ಬದಲಾದರೆ, ಅಥವಾ ಮೊದಲ ಸಲ ಸೆಳವು ಬಂದರೆ, ಅದೇ ದಿನ ಹೊರಡತಕ್ಕದ್ದು. ಜ್ವರವಿಲ್ಲದಿದ್ದರೂ, ಮೊದಲು ಯಾವ ವಿಕಾರವೂ ಇಲ್ಲದ ತರುಣರ ನಡತೆಯು ಕೆಲವು ದಿನಗಳಲ್ಲಿ ಪೂರ್ತಿ ಬದಲಾಯಿಸಿದರೆ ಹಾಗೆಯೇ ಮಾಡತಕ್ಕದ್ದು. ದೇವರಿಗೆ ಹರಕೆ ಹೊರುವವರು ಹೊರಲಿ. ವಾಹನವನ್ನು ಏರಿ ದಾರಿಯಲ್ಲಿ ಹೊರಲಿ.

ಹಳ್ಳಿಗಳಲ್ಲಿ ಇಂತಹ ಸಮಯದಲ್ಲಿ ಮೊದಲು ಕೇಳಲ್ಪಡುವವರು ಶಾಲೆಯ ಉಪಾಧ್ಯಾಯರು, ಪುರೋಹಿತರು, ಮಠದ ಶಾಸ್ತ್ರಿಗಳು, ನಾಟಿವೈದ್ಯರು. ಈ ಪತ್ರಿಕೆಯ ವಾಚಕರಲ್ಲಿ ಅಂತಹವರು ಅನೇಕರಿರುವರು. ಅವರ ಬಾಯಿಂದ ಹೊರಡುವ ಮೊದಲ ಹೆಸರು ಗಾಳಿಯೂ ಆಗಬಾರದು, ಹುಚ್ಚೂ ಆಗಬಾರದು. ತಿಳಿಯದಿದ್ದರೆ ತಿಳಿಯದೆಂದೇ ಹೇಳಿ ಆಸ್ಪತ್ರೆಗೆ ಕಳುಹಿಸುವುದು ಶಾಸ್ತ್ರಕ್ಕೂ ಸಮ್ಮತವೆಂಬುದನ್ನು ಮೇಲೆ ತೋರಿಸಿದ್ದೇವೆ. ಕಡೆಯವರೆಗೂ ಕಾರಣ ಸಿಕ್ಕದಿದ್ದರೆ, ‘ಕಾರಣ ತಿಳಿಯದ ಮಸ್ತಿಷ್ಕಶೋಥ’ ಎಂದು ಬರೆದ ಆಸ್ಪತ್ರೆಯ ಕಾಗದಗಳನ್ನೂ ಚಿತ್ರಗಳನ್ನೂ ಮನೆಯವರು ಭದ್ರವಾಗಿ ಇಟ್ಟುಕೊಳ್ಳಬೇಕು. ರೋಗವು ಮರುಕಳಿಸಿದರೆ ಹೊಸ ವೈದ್ಯನಿಗೆ ಅವೇ ಆಧಾರ. ಇಂದು ಇಲ್ಲದ ಪರೀಕ್ಷೆಯು ನಾಳೆ ಬಂದಾಗ, ಆ ರೋಗಕ್ಕೆ ಸಲ್ಲತಕ್ಕ ಹೆಸರನ್ನು ಹುಡುಕುವುದಕ್ಕೂ ಅವೇ ಆಧಾರ.